ಏಳೂ ಮಂದಿ ಸುರಕ್ಷಿತ

ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನಲು ಶುರು ಮಾಡಿದ ವಾರವೇ ಕರ್ಕಿಯ ಒಬ್ಬ ಹೆಂಗಸು ಹೊನ್ನಾವರದ ನಮ್ಮ ಕೇಬಲ್ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಅವಳ ಗಂಡ ಬೋಟಿಗೆ ಹೋದವನು ಎರಡು ಮಳೆಗಾಲದ ಹಿಂದೆ ಸಮುದ್ರದಲ್ಲಿ ಕಾಣೆಯಾಗಿದ್ದ. ದೇಹ ಸಿಕ್ಕಿರಲಿಲ್ಲ. ದೇಹ ಸಿಗದವರಿಗೆ ದರ್ಭೆಯಲ್ಲಿ ಗೊಂಬೆ ಮಾಡಿ, ಅದನ್ನು ಸುಟ್ಟು ಕ್ರಿಯೆ ಮುಗಿಸುವ ಪದ್ಧತಿ ಇದೆ. ಆದರೆ ಅವನ ತಾಯಿ ಅದಕ್ಕೆ ಇಷ್ಟು ದಿನ ಒಪ್ಪಿರಲಿಲ್ಲ. ಮಗ ಬರುತ್ತಾನೆ ಎಂದೇ ಕೂತಿದ್ದಳು.

"ಅತ್ತೆ ಈಗ ಹೂಂ ಅಂದಾರೆ ಅಕ್ಕೋರೆ. ಬರೂ ಶುಕ್ರವಾರ ಕ್ರಿಯೆ. ಟಿ.ವಿ.ಲಿ ಬಂದ್ರೆ ನೆಂಟರಿಗೆಲ್ಲ ಗೊತ್ತಾತದೆ," ಎಂದಳು. ಆಮೇಲೆ ದನಿ ತಗ್ಗಿಸಿ, "ಅವರ ಮನಸ್ಸು ತಿರುಗೂದ್ರೊಳಗೆ ಮುಗಿದ್ರೆ ಸಾಕು ನಂಗೆ. ಈ ಬಳೆ ತೆಗೆಯೂ ಹಾಂಗೂ ಇಲ್ಲ, ಹಾಕ್ಕಂಡು ನಾಲ್ಕು ಜನರ ಮುಂದೆ ಹೋಗೂ ಹಾಂಗೂ ಇಲ್ಲ," ಎಂದಳು.

ನಾನು ಟೈಪು ಮಾಡಿ ಓದಿ ಹೇಳಿದೆ. ಅವಳು ತಲೆಯಾಡಿಸಿ ಹೋದಳು. ಮಧ್ಯಾಹ್ನದ ಮೇಲೆ ಕುಮಟೆಯಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದುದರಿಂದ ಊರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಿತ್ತು. ಬೆಳಗಿನ ಹೊತ್ತು ಮಾತ್ರ ನಾನು ಹೊನ್ನಾವರದ ಈ ಕೇಬಲ್ ಆಫೀಸಿನವಳು. ನಮ್ಮದು ಊರಿನದೇ ಒಂದು ವಾಹಿನಿ. ದಿನವಿಡೀ ಹಾಡು, ಕೆಳಗೆ ಓಡುವ ಪಟ್ಟಿಯಲ್ಲಿ ಸುದ್ದಿ: ಯಾರು ತೀರಿಕೊಂಡರು, ಎಲ್ಲಿ ಕರೆಂಟು ಇಲ್ಲ, ಯಾರ ಆಕಳು ತಪ್ಪಿಸಿಕೊಂಡಿದೆ, ಯಾವ ಬೋಟು ಇನ್ನೂ ಬಂದಿಲ್ಲ. ಪೇಪರಿನಲ್ಲಿ ಬಂದರೆ ಅದು ಸುದ್ದಿ, ನಮ್ಮ ಪಟ್ಟಿಯಲ್ಲಿ ಬಂದರೆ ನಿಜ ಎಂದು ಮಾಲೀಕರು ಜಂಬದಿಂದ ಹೇಳುತ್ತಿದ್ದರು. ಜಂಬದಲ್ಲಿ ನಾನೇನೂ ಅವರಿಗೆ ಕಡಿಮೆ ಇರಲಿಲ್ಲ.

ಏಕೆಂದರೆ ಆ ಪಟ್ಟಿ ಓಡುತ್ತಿದ್ದುದು ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಮೇಲೆ, ಅದನ್ನು ಕೂಡಿಸಿದವಳು ನಾನು. ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ. ಹಾಕಿ, ಬಿದ್ದು ಎದ್ದು ಕಲಿತದ್ದು. ವ್ಯವಸ್ಥೆ ಬಹಳ ಸರಳ. ಒಂದೊಂದು ಸುದ್ದಿಗೆ ಒಂದೊಂದು ಕಡತ. ನಾನು ಬರೆದ ಪುಟ್ಟ ಪ್ರೋಗ್ರಾಮು ಕಡತದ ಮೇಲಿನ ತಾರೀಕು ನೋಡುತ್ತದೆ. ಮೂರು ದಿನದೊಳಗಿನದಾದರೆ ತೆರೆಗೆ ಕಳಿಸುತ್ತದೆ, ಹೊಸದು ಮೊದಲು. ಮೂರು ದಿನ ದಾಟಿದ್ದನ್ನು ಮುಟ್ಟುವುದಿಲ್ಲ. ಅಳಿಸುವ ತಾಪತ್ರಯವೇ ಇಲ್ಲ, ಹಳೆಯದು ತಾನಾಗಿಯೇ ನಿಂತುಹೋಗುತ್ತದೆ. ಬಂದವರಿಗೆಲ್ಲ ಇದನ್ನು ವಿವರಿಸುತ್ತಿದ್ದೆ. ಕೇಳಿದವರು ಹೂಂಗುಟ್ಟಿ ಕೇಬಲ್ ಬಾಡಿಗೆ ಕೊಟ್ಟು ಹೋಗುತ್ತಿದ್ದರು.

ಡಿಸ್ಕು ಸಾಯುತ್ತಿದೆ ಎಂದಾಗ ಮಾಲೀಕರು ಮಂಗಳೂರಿನಿಂದ ಹೊಸ ಲ್ಯಾಪ್‌ಟಾಪ್ ತರಿಸಿದರು. ಆದರೆ ಒಂದು ಕರಾರು: ಅದರಲ್ಲಿದ್ದ ವಿಂಡೋಸ್ ಹೋಗಕೂಡದು. ಮದುವೆ ಕ್ಯಾಸೆಟ್ಟುಗಳನ್ನು ಸಿ.ಡಿ. ಮಾಡಿಕೊಡುವ ಹೊಸ ಧಂದೆ ಅವರ ತಲೆಯಲ್ಲಿತ್ತು.

"ಎರಡೂ ಇರ್ಲಿ. ಬೆಳಿಗ್ಗೆ ನಿಮ್ದು, ನಾ ಬಂದಾಗ ನಂದು. ಆತದ್ಯಲ್ಲ?" ಎಂದರು.

"ಆಗದೆ ಎಂತ," ಎಂದೆ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಹೊಗೆ ಯಾವುದರದ್ದು ಎಂದು ಆಮೇಲೆ ಜಗಳ ಬಾರದೆ ಇರುವುದಿಲ್ಲ.

ಭಾನುವಾರ ಬೆಳಿಗ್ಗೆಯೇ ಕೂತೆ. ಮೊದಲು ವಿಂಡೋಸಿನೊಳಗೆ ಹೋಗಿ ಅದರ ಸಾಮಾನನ್ನೆಲ್ಲ ಒಂದು ಬದಿಗೆ ಒತ್ತರಿಸಿದೆ. ಅದರ ಪಾಲನ್ನು ಕುಗ್ಗಿಸಿ, ಉಳಿದ ಜಾಗದಲ್ಲಿ ಲಿನಕ್ಸಿಗೆ ಒಂದು ಪಾಲು, ಇಬ್ಬರೂ ಓದಿ ಬರೆಯಬಹುದಾದ ಒಂದು ಸಣ್ಣ ಪಾಲು ಮಾಡಿದೆ. ಗೆರೆ ಎಳೆಯುವಾಗ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದಿದೆ. ಪಾಲು ತಪ್ಪಿದರೆ ಮಾಲೀಕರ ಹೊಸ ಲ್ಯಾಪ್‌ಟಾಪ್ ಬರೀ ತಟ್ಟೆ. ಅದು ತಪ್ಪಲಿಲ್ಲ. ಮರುಚಾಲೂ ಮಾಡಿದಾಗ ಕಪ್ಪು ತೆರೆಯ ಮೇಲೆ ಎರಡು ಹೆಸರು ಒಂದರ ಕೆಳಗೊಂದು ಬಂದು, ಯಾರು ಬೇಕು ಎಂದು ಕೇಳಿದವು. ನನಗೆ ಆದ ಸಂತೋಷಕ್ಕೆ ಒಬ್ಬಳೇ ನಕ್ಕೆ.

ನಗು ಅಲ್ಲಿಗೇ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಕಾಣುವುದು ಟಿ.ವಿ.ಗೆ ಹೋಗಲೊಲ್ಲದು. ಟಿ.ವಿ.ಗೆ ಚಿತ್ರ ಕಳಿಸುವ ಹಳೆಯ ಕಂಪ್ಯೂಟರಿನ ಕಾರ್ಡೇ ಬೇರೆ, ಇದರದ್ದೇ ಬೇರೆ. ತೆರೆಯ ಅಗಲ ಎತ್ತರಗಳನ್ನು ಕೈಯಾರೆ ಬರೆದು, ಬದಲಿಸಿ, ಮತ್ತೆ ಬರೆದು, ಸೋಮವಾರವೆಲ್ಲ ಅದರಲ್ಲೇ ಹೋಯಿತು. ಚಿತ್ರ ಬಂದ ಮೇಲೆ ಕನ್ನಡ ಅಕ್ಷರದ ಜಾಗದಲ್ಲಿ ಚೌಕಗಳು. ಹಳೆಯ ಫಾಂಟು ಹುಡುಕಿ ತಂದು ಹಾಕಿದೆ. ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ. ಅದನ್ನು ಸರಿಮಾಡುವಷ್ಟರಲ್ಲಿ ಹಳೆಯ ಡಿಸ್ಕಿನ ಟಕ್ ಟಕ್ ಜೋರಾಗಿತ್ತು.

ಕಡತಗಳನ್ನು ಸಾಗಿಸುವುದಿತ್ತು. ನಾನು ಯಾವಾಗಲೂ ಮಾಡುವುದು, ಎಲ್ಲವನ್ನೂ ಒಂದೇ ಗಂಟು ಕಟ್ಟಿ, ಒತ್ತಿ ಸಣ್ಣದು ಮಾಡಿ, ಆ ಕಡೆ ಹೋಗಿ ಬಿಚ್ಚುವುದು. ಹಾಗೆ ಕಟ್ಟಿದ ಗಂಟಿನಲ್ಲಿ ಕಡತದ ಹೆಸರು, ತಾರೀಕು, ಯಜಮಾನ ಯಾರು ಎಂಬುದೆಲ್ಲ ಇದ್ದ ಹಾಗೇ ಉಳಿಯುತ್ತದೆ. ಆದರೆ ಡಿಸ್ಕು ಕೆಟ್ಟಲ್ಲಿ ಗಂಟೂ ಕೆಟ್ಟಿತು. ಆ ಕಡೆ ಅರ್ಧ ಬಿಚ್ಚಿ ನಿಂತಿತು. ಮತ್ತೆ ಕಟ್ಟಿದೆ. ಮತ್ತೆ ಅಲ್ಲೇ ನಿಂತಿತು. ಮಾಲೀಕರು ಬಾಗಿಲಲ್ಲಿ ನಿಂತು, "ಮೂರು ದಿನ ಆತು ಪಟ್ಟಿ ಇಲ್ಲದೆ. ಜನ ಫೋನ್ ಮಾಡಿ ಬಯ್ತಾ ಇದ್ದಾರೆ," ಎಂದರು.

ನನಗೆ ಸಿಟ್ಟು ಬಂತು. ಗಂಟು ಬೇಡ, ಏನೂ ಬೇಡ ಎಂದು ಕಡತಗಳಿದ್ದ ಇಡೀ ಕೋಶವನ್ನು ಸುಮ್ಮನೆ ನಕಲು ಮಾಡುವ ಆದೇಶ ಕೊಟ್ಟೆ. ಅದು ಕೆಟ್ಟ ಕಡತ ಸಿಕ್ಕಲ್ಲಿ ಗೊಣಗಿ, ಬಿಟ್ಟು, ಮುಂದೆ ಹೋಗುತ್ತದೆ. ಹೋಯಿತು. ನಾಲ್ಕಾರು ಬಿಟ್ಟರೆ ಎಲ್ಲವೂ ಬಂದವು. ಆ ಆದೇಶಕ್ಕೆ 'ತಾರೀಕನ್ನೂ ಹಾಗೇ ಉಳಿಸು' ಎಂದು ಹೇಳುವ ಒಂದು ಗುರುತು ಸೇರಿಸಬೇಕು. ನನಗೆ ಗೊತ್ತಿಲ್ಲದ್ದಲ್ಲ, ಕುಮಟೆಯಲ್ಲಿ ನಾನೇ ಬೋರ್ಡಿನ ಮೇಲೆ ಬರೆದು ಕಲಿಸಿದ್ದು. ಸಿಟ್ಟಿನಲ್ಲಿ ಸೇರಿಸಲಿಲ್ಲ.

ತಾರೀಕೆಲ್ಲ ಬದಲಾದದ್ದು ಅಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಗದಂತೆ ಮಾಡಿದ್ದು ಗಡಿಯಾರ. ಎರಡು ಒಲೆಯ ಜಗಳ ಅಂದೆನಲ್ಲ, ಅದು ಬಂದದ್ದು ಇಲ್ಲಿ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ನಮ್ಮ ಊರಿನ ಸಮಯವೆಂದೇ ಓದುತ್ತದೆ. ಲಿನಕ್ಸ್ ಅದನ್ನು ಲಂಡನ್ನಿನ ಸಮಯವೆಂದು ತಿಳಿದು, ಐದೂವರೆ ತಾಸು ಕೂಡಿಸುತ್ತದೆ. ಮಾಲೀಕರು ವಿಂಡೋಸಿಗೆ ಹೋಗಿ ಬಂದಾಗಲೆಲ್ಲ ನನ್ನ ಲಿನಕ್ಸಿಗೆ ಮಟಮಟ ಮಧ್ಯಾಹ್ನವೇ ಸಂಜೆಯಾಗುತ್ತಿತ್ತು. ಕೋಶ ತೆರೆದು ನೋಡಿದಾಗ ಕಡತಗಳ ಮೇಲೆಲ್ಲ ಇವತ್ತಿನ ತಾರೀಕು. ಓಹೋ, ಇದು ಗಡಿಯಾರದ್ದೇ ಕಿತಾಪತಿ ಎಂದುಕೊಂಡೆ. ಗಡಿಯಾರ ಊರ ಸಮಯದಲ್ಲೇ ಇದೆ ಎಂದು ಲಿನಕ್ಸಿಗೆ ತಿಳಿಸಿ, ಸಮಯ ಸರಿಪಡಿಸಿ, ಬೆನ್ನು ತಟ್ಟಿಕೊಂಡೆ. ತಾರೀಕುಗಳನ್ನು ಮತ್ತೆ ನೋಡಲಿಲ್ಲ.

ಪರೀಕ್ಷೆಗೆ ಕರ್ಕಿಯವಳ ಗಂಡನ ಕ್ರಿಯೆಯ ಸುದ್ದಿಯನ್ನೇ ಹೊಸದಾಗಿ ಟೈಪು ಮಾಡಿ ಹಾಕಿದೆ. ಹೊಸದು ಮೊದಲು ಬರುವುದಲ್ಲವೇ, ಅದೇ ಮೊದಲು ಬಂತು. ಒತ್ತಕ್ಷರ ಎಲ್ಲ ನೆಟ್ಟಗೆ. ಅದರ ಹಿಂದೆ ಏನು ಬರುತ್ತದೆ ಎಂದು ನೋಡಲು ನಿಲ್ಲದೆ, ಆ ಬುಧವಾರ ಪಾಠ ಬೆಳಿಗ್ಗೆಯೇ ಇದ್ದುದರಿಂದ, ಎಳೆ ಬಿಸಿಲಲ್ಲಿ ಕುಮಟೆಯ ಬಸ್ಸು ಹಿಡಿದೆ. ಕಿಟಕಿ ಬದಿಯ ಸೀಟು ಸಿಕ್ಕಿತು. ಇಂಥ ಕೆಲಸ ಈ ಕರಾವಳಿಯಲ್ಲಿ ಇನ್ನೊಬ್ಬರಿಂದ ಆಗುತ್ತಿತ್ತೇ ಎಂದು ಯೋಚಿಸುತ್ತ ಹೋದದ್ದು ಈಗಲೂ ನೆನಪಿದೆ. ನೆನೆದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಪಾಠದ ನಡುವೆ ಫೋನು. ಮಾಲೀಕರು.

"ಅಕ್ಕೋರೆ, ಎಂತ ಮಾಡಿಟ್ಟು ಹೋದ್ರಿ? ಬಟ್ಟೆ ಅಂಗಡಿಯವ ಮೂರು ವರ್ಷದ ಹಿಂದೆ ಕೊಟ್ಟ ಆಷಾಢದ ಡಿಸ್ಕೌಂಟು ಬರ್ತಾ ಅದೆ. ಅಲ್ಲಿ ಹೆಂಗಸ್ರು ಜಗಳ ತೆಗ್ದಾರೆ. ಆಗ ಮದುವೆ ಆದವ ಈಗ ಮಗು ಎತ್ಕಂಡು ಬಂದು, ನಂಗೆ ಮತ್ತೆ ಎಂತಕ್ಕೆ ಮದುವೆ ಮಾಡ್ತ್ರಿ ಅಂತ ಕೇಳ್ತಾ ನಿಂತಾನೆ."

ನನಗೆ ಎಲ್ಲ ಒಮ್ಮೆಗೇ ಹೊಳೆಯಿತು. ನಕಲು ಮಾಡಿದ ದಿನವೇ ಪ್ರತಿ ಕಡತದ ತಾರೀಕಾಗಿದೆ. ಮೂರು ನಾಲ್ಕು ವರ್ಷದ ಸತ್ತವರು, ಮದುವೆಯಾದವರು, ತಪ್ಪಿಸಿಕೊಂಡ ಆಕಳು ಎಲ್ಲ ನನ್ನ ಪ್ರೋಗ್ರಾಮಿನ ಕಣ್ಣಿಗೆ ನಿನ್ನೆ ಮೊನ್ನೆಯ ಸುದ್ದಿ. ಇಷ್ಟಾದರೂ ನಗು ಬರುವಂಥದ್ದೇ ಆಗಿತ್ತು. ಆದರೆ ಮಾಲೀಕರ ಮಾತು ಅಲ್ಲಿಗೇ ಮುಗಿದಿರಲಿಲ್ಲ.

"ಕರ್ಕಿ ಬೋಟಿಂದೂ ಬಂತು," ಎಂದರು. "ಏಳೂ ಮಂದಿ ಸುರಕ್ಷಿತ ಅಂತ."

ಎರಡು ವರ್ಷದ ಹಿಂದೆ ಆ ಬೋಟು ಗಾಳಿಗೆ ಸಿಕ್ಕಿದಾಗ ರತ್ನಾಗಿರಿ ಕಡೆಯಿಂದ ಮೊದಲು ಬಂದ ಫೋನು ಏಳೂ ಮಂದಿ ಸಿಕ್ಕಿದ್ದಾರೆ ಎಂದು ಹೇಳಿತ್ತು. ಮಾಲೀಕರು ಓಡಿ ಬಂದು ಹೇಳಿದರು, ನಾನು ಟೈಪು ಮಾಡಿದೆ: ಬೋಟಿನ ಏಳೂ ಮಂದಿ ಸುರಕ್ಷಿತ, ರತ್ನಾಗಿರಿಯಲ್ಲಿದ್ದಾರೆ, ಮನೆಯವರು ಹೆದರಬಾರದು. ಮರುದಿನ ತಿಳಿಯಿತು, ಸಿಕ್ಕಿದ್ದು ಆರು ಮಂದಿ. ಸಿಗದವನು ಈ ಹೆಂಗಸಿನ ಗಂಡ. ಈಗ ನಮ್ಮ ಪಟ್ಟಿಯಲ್ಲಿ ಒಂದು ಸಲ ಶುಕ್ರವಾರ ಅವನ ಕ್ರಿಯೆ ಎಂದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಸುರಕ್ಷಿತನೆಂದು ಬರುತ್ತಿತ್ತು.

"ವೈರು ಕೀಳಿ," ಎಂದೆ. "ಪಟ್ಟಿ ಬಂದ್ ಮಾಡಿ. ನಾ ಬಂದೆ."

ಬಸ್ಸಿನಲ್ಲಿ ಸೀಟು ಇದ್ದರೂ ಕೂರಲಾಗಲಿಲ್ಲ. ಯಾರಾದರೂ ಗುರುತಿನವರು ಮಾತಾಡಿಸಿದರೆ ಎಂದು ಮುಖ ಹೊರಗೆ ಹಾಕಿ ನಿಂತಿದ್ದೆ. ಹೊನ್ನಾವರದ ಆಫೀಸಿನಲ್ಲಿ ಮೆಟ್ಟಿಲ ಮೇಲೆಲ್ಲ ಜನ. ಒಬ್ಬ ತನ್ನ ದೊಡ್ಡಪ್ಪನ ವರ್ಷದ ತಿಥಿಯೂ ಆಗಿದೆ, ನೀವು ಈಗ ಕೊಲ್ಲುತ್ತಿದ್ದೀರಿ ಎಂದ. ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದೆ.

"ಆ ಕರ್ಕಿಯವಳ ಅತ್ತೆ ಕ್ರಿಯೆಗೆ ಬರೂ ಭಟ್ಟರಿಗೆ ಬರಬೇಡಿ ಅಂತ ಹೇಳಿ ಕಳಿಸಿದ್ಳಂತೆ," ಎಂದರು ಮಾಲೀಕರು. ಅವರ ಮುಖದಲ್ಲಿ ಸಿಟ್ಟಿಗಿಂತ ಗಾಬರಿ ಜಾಸ್ತಿ ಇತ್ತು. "ಈಗ್ಲೇ ಪಟ್ಟಿಲಿ ಒಂದು ಹಾಕಿ. ತಾಂತ್ರಿಕ ದೋಷದಿಂದ ಹಳೇ ಸುದ್ದಿ ಬಂತು, ವಿಷಾದಿಸುತ್ತೇವೆ ಅಂತ. ಯಾರಾದ್ರೂ ಕೇಳಿದ್ರೆ ವೈರಸ್ ಅನ್ನಿ."

ಲಿನಕ್ಸಿಗೆ ವೈರಸ್ ಬರುವುದಿಲ್ಲ ಎಂದು ಆ ಬೀದಿಗೆಲ್ಲ ಸಾರಿದವಳು ನಾನು. ಅದು ಬಿಡಿ. ತಾಂತ್ರಿಕ ದೋಷ ಎಂಬ ಮಾತನ್ನು ಕೀಲಿಗಳ ಮೇಲೆ ಬೆರಳಿಟ್ಟು ಅರ್ಧ ಟೈಪೂ ಮಾಡಿದೆ. ಮುಂದೆ ಹೋಗಲಿಲ್ಲ. ಕರ್ಕಿಯ ಆ ಮುದುಕಿ ಮಗ ಬದುಕಿದ್ದಾನೆಂದು ತಿಳಿದದ್ದೂ ಟಿ.ವಿ.ಯಿಂದ. ಇಲ್ಲ ಎಂದು ತಿಳಿಯುವುದೂ ಟಿ.ವಿ.ಯಿಂದಲೇ, ಹಾಡಿನ ಕೆಳಗೆ, ಬಟ್ಟೆ ಅಂಗಡಿ ಸುದ್ದಿಯ ಜೊತೆ ಸಾಲಾಗಿ ಹೋಗುವಾಗ. ಟೈಪು ಮಾಡಿದ್ದನ್ನು ಅಳಿಸಿದೆ.

"ನಾ ಹೋಗಿ ಹೇಳಿ ಬರೂವರೆಗೆ ಪಟ್ಟಿ ಬೇಡ," ಎಂದೆ.

"ಹೋಗಿ ಎಂತ ಹೇಳ್ತ್ರಿ?"

ಅದು ನನಗೂ ಗೊತ್ತಿರಲಿಲ್ಲ. ಹೋಗುವ ಮೊದಲು ಕೋಶದಲ್ಲಿದ್ದುದನ್ನೆಲ್ಲ ಬೇರೆ ಕಡೆ ಸರಿಸಿದೆ, ಹಳೆಯದು ಯಾವುದೂ ಕೈತಪ್ಪಿ ತೆರೆಗೆ ಹೋಗದಂತೆ. ಆ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಹೊರಡಲು ಹೆದರಿಕೆಯಾಗಿತ್ತು.

ಕರ್ಕಿಯಲ್ಲಿ ಮನೆ ಕೇಳಬೇಕಾಗಲಿಲ್ಲ. ಕಡಲ ಬದಿಯ ಸಣ್ಣ ಮನೆ, ಅಂಗಳದಲ್ಲಿ ನೆರೆಯವರು ತುಂಬಿದ್ದರು. ಶುಕ್ರವಾರಕ್ಕೆಂದು ಹೊದೆಸಿದ್ದ ತೆಂಗಿನ ಗರಿಯ ಚಪ್ಪರದ ಒಂದು ಬದಿ ಆಗಲೇ ಬಿಚ್ಚಿಯಾಗಿತ್ತು. ಸೊಸೆ ಬಾಗಿಲ ಬಳಿ ನಿಂತಿದ್ದಳು. ನನ್ನನ್ನು ಕಂಡು ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಹಳೇದು ಅಂತ ನಂಗೆ ಗೊತ್ತಾತು ಅಕ್ಕೋರೆ. ಆ ಮಾತು ನಂಗೆ ಬಾಯಿಪಾಠ ಅದೆ. ಅತ್ತೆಗೆ ಓದೂಕೆ ಬರೂದಿಲ್ಲ. ನೆರೆಯವ್ರು ಬಂದು ಹೇಳಿದ್ರು, ಅವರು ನನ್ನ ಕೂರ್ಸಿ ಓದು ಅಂದ್ರು. ಬಂದಾಗೆಲ್ಲ ಓದು ಅಂದ್ರು. ಓದ್ದೆ."

ನನಗೆ ಅವಳ ಮುಖ ನೋಡಲಾಗಲಿಲ್ಲ. ಒಳಗೆ ಟಿ.ವಿ. ಎದುರು, ನೆಲದ ಮೇಲೆ ಗೋಡೆಗೆ ಒರಗಿ ಅತ್ತೆ ಕೂತಿದ್ದಳು. ಹಾಡು ಬರುತ್ತಿತ್ತು, ಕೆಳಗೆ ಪಟ್ಟಿ ಇರಲಿಲ್ಲ. ಅವಳು ಪಟ್ಟಿಯ ಜಾಗವನ್ನೇ ನೋಡುತ್ತಿದ್ದಳು.

ನಾನೂ ನೆಲದ ಮೇಲೆ ಕೂತು ಹೇಳಿದೆ. ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವಾಗ ತಾರೀಕು ತಪ್ಪಿತು, ಎರಡು ವರ್ಷದ ಹಿಂದಿನ ಸುದ್ದಿ ಇವತ್ತಿನದೆಂಬಂತೆ ಬಂತು, ನಿಮ್ಮ ಮಗನ ವಿಷಯ ಹೊಸದೇನೂ ಇಲ್ಲ ಎಂದೆ. ಹೇಳುವಾಗ ಯಂತ್ರ, ಯಂತ್ರ ಎಂದು ಎಷ್ಟು ಸಲ ಅಂದೆನೋ.

ಅವಳು ಪೂರ್ತಿ ಕೇಳಿದಳು. "ಯಂತ್ರ ತಪ್ಪಿದ್ದಾ, ನೀ ತಪ್ಪಿದ್ದಾ?" ಎಂದಳು.

"ನಾನು," ಎಂದೆ.

"ಹೋದ ಸಲ ಬರೆದವ್ರು ಯಾರು? ಏಳು ಅಂತ?"

"ಅದೂ ನಾನೇ. ಅವತ್ತು ಫೋನಲ್ಲಿ ಹಾಂಗೇ ಹೇಳಿದ್ರು. ಮರುದಿನ ಆರು ಅಂತ ಗೊತ್ತಾತು."

"ಮರುದಿನ ಆರು ಅಂತ ಟಿ.ವಿ.ಲಿ ಬರೆದ್ಯಾ?"

ನಾನು ನೆನಪು ಮಾಡಿಕೊಂಡೆ. ಮರುದಿನ ಬಂದರಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಸಿಗದವನ ಸುದ್ದಿಯನ್ನು ಪಟ್ಟಿಯಲ್ಲಿ ಹಾಕುವುದು ಹೇಗೆ ಎಂದು ಮಾಲೀಕರು ಮುಜುಗರಪಟ್ಟಿದ್ದರು. ಆ ಕಡತ ಮೂರನೆಯ ದಿನಕ್ಕೆ ತಾನಾಗಿಯೇ ನಿಂತುಹೋಗುತ್ತದೆ, ನಾವು ಮುಟ್ಟುವುದೇ ಬೇಡ ಎಂದು ಹೇಳಿದವಳು ನಾನು. ಅದು ನಿಂತಿತು. ತಪ್ಪು ಎಂದು ಎಲ್ಲಿಯೂ ಬರಲಿಲ್ಲ.

"ಇಲ್ಲ," ಎಂದೆ.

"ಅದಕ್ಕೇ ನಾ ಕೂತದ್ದು," ಎಂದಳು ಮುದುಕಿ. "ಆರು ಮಂದಿ ಬಂದು, ಅವ ನಮ್ಮ ಕಣ್ಣೆದುರು ನೀರಿಗೆ ಹೋದ ಅಂದ್ರು. ರಾತ್ರಿ ಗಾಳಿಲಿ ಎಂತ ಕಂಡಾರು ಅಂದೆ. ಬೇರೆ ಬೋಟು ಎತ್ಕಂಡಿದ್ದೀತು. ಟಿ.ವಿ.ಲಿ ಏಳು ಅಂತ ಬಂದದ್ದು ಸುಳ್ಳಾದ್ರೆ, ಸುಳ್ಳು ಅಂತ ಬರಬೇಕಲ್ಲ ಅಂದೆ. ಯಾರೂ ಬರೀಲಿಲ್ಲ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ತಾರೀಕು ತಪ್ಪಿದ್ದಕ್ಕೆ ಕ್ಷಮೆ ಕೇಳಲೆಂದು ಬಂದಿದ್ದ ನನಗೆ ಆ ತಪ್ಪು ಈಗ ಉಗುರಿನಷ್ಟು ಕಾಣಿಸಿತು. ನಾನು ಎಲ್ಲರ ಮುಂದೆ ಹೊಗಳಿಕೊಳ್ಳುತ್ತಿದ್ದ ಆ ವ್ಯವಸ್ಥೆ, ಹಳೆಯದು ತಾನಾಗಿಯೇ ನಿಂತುಹೋಗುವ ಆ ಜಾಣತನ, ಈ ಮನೆಯಲ್ಲಿ ಎರಡು ವರ್ಷದಿಂದ ಹೀಗೆ ಕೂತಿತ್ತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಆ ಮಾತು ಬಹಳ ಸಣ್ಣದಾಯಿತು ಎನಿಸಿ ಮುಚ್ಚಿದೆ.

"ಈಗ ಬರೀತೆ," ಎಂದೆ.

"ಬರಿ. ಯಾರು ಬರೆದದ್ದು ಅಂತ್ಲೂ ಬರಿ," ಎಂದಳು.

ಹೊನ್ನಾವರಕ್ಕೆ ಹೋಗಿ ಬರೆದೆ. ತಾಂತ್ರಿಕ ದೋಷ ಎಂಬುದು ಅದರಲ್ಲಿ ಇರಲಿಲ್ಲ. ಎರಡು ವರ್ಷದ ಹಿಂದೆ ಕರ್ಕಿಯ ಬೋಟಿನ ಏಳೂ ಮಂದಿ ಸುರಕ್ಷಿತ ಎಂದು ನಾವು ಹಾಕಿದ್ದು ತಪ್ಪು, ಬಂದವರು ಆರು ಮಂದಿ, ಮರುದಿನವೇ ಗೊತ್ತಾದರೂ ತಿದ್ದಲಿಲ್ಲ, ಇವತ್ತು ಅದೇ ತಪ್ಪು ಸುದ್ದಿ ಮತ್ತೆ ಬಂದದ್ದೂ ನನ್ನಿಂದ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಮಾಲೀಕರು ಓದಿ, "ಹೆಸರು ಬೇಡ ಅಕ್ಕೋರೆ, ನಾಳೆ ನೀವು ಬಜಾರಲ್ಲಿ ತಿರುಗಬೇಕು," ಎಂದರು. ಅವರಿಗೆ ನನ್ನ ಮೇಲೆ ಕನಿಕರವೇ ಇತ್ತು. ಹೆಸರು ಇರಲಿ ಎಂದೆ. ಕೋಶದಲ್ಲಿ ಆ ಒಂದೇ ಕಡತ ಇಟ್ಟು, ತಾರೀಕು ನೋಡಿ, ಇನ್ನೊಮ್ಮೆ ನೋಡಿ, ಪಟ್ಟಿ ಚಾಲೂ ಮಾಡಿದೆ.

ಆಮೇಲೆ ಮಾಲೀಕರ ಸ್ಕೂಟರಿನ ಹಿಂದೆ ಕೂತು ಮತ್ತೆ ಕರ್ಕಿಗೆ ಬಂದೆ. ಕಳಿಸಿದ್ದು ನೋಡುವವರ ಮನೆಯಲ್ಲಿ ಹೇಗೆ ಕಾಣುತ್ತದೆ ಎಂದು ಅಷ್ಟು ವರ್ಷದಲ್ಲಿ ಒಂದು ಸಲವೂ ಹೋಗಿ ನೋಡಿದವಳಲ್ಲ. ಇವತ್ತು ನೋಡದೆ ಮನೆಗೆ ಹೋಗುವ ಧೈರ್ಯ ಇರಲಿಲ್ಲ.

ಬಿಸಿಲು ಇಳಿದಿತ್ತು. ನೆರೆಯವರು ಹೆಚ್ಚಿನವರು ಹೋಗಿದ್ದರು. ಅತ್ತೆ ಅಲ್ಲೇ ಕೂತಿದ್ದಳು, ಸೊಸೆ ಪಕ್ಕದಲ್ಲಿ. ಹಾಡಿನ ಕೆಳಗೆ ಅಕ್ಷರಗಳು ಬಲಗಡೆಯಿಂದ ಬಂದವು. ಸೊಸೆ ಗಟ್ಟಿಯಾಗಿ ಓದಿದಳು. ನನ್ನ ಹೆಸರು ಬಂದಾಗ ಅದನ್ನೂ ಓದಿದಳು, ನನ್ನ ಕಡೆ ತಿರುಗದೆ. ಪಟ್ಟಿ ಎಡಕ್ಕೆ ಸರಿದು ಹೋಯಿತು.

"ಇನ್ನೊಂದು ಸಲ ಬರ್ತದ್ಯಾ?" ಎಂದು ಮುದುಕಿ ಕೇಳಿದಳು.

"ಬರ್ತದೆ," ಎಂದೆ.

ಕಾದೆವು. ಬಂತು. ಸೊಸೆ ಮತ್ತೆ ಓದಿದಳು. ಆರು ಮಂದಿ ಎಂಬಲ್ಲಿ ಅವಳ ದನಿ ಸ್ವಲ್ಪ ನಿಂತು ಮುಂದೆ ಹೋಯಿತು.

"ಆತು," ಎಂದಳು ಮುದುಕಿ. "ಭಟ್ಟರಿಗೆ ಹೇಳಿ ಕಳ್ಸು, ಶುಕ್ರವಾರ ಬರೂಕೆ." ಆಮೇಲೆ ಸೊಸೆಯ ಮೊಣಕೈ ಹಿಡಿದುಕೊಂಡು ಹೇಳಿದಳು: "ಅವ ಇಲ್ಲ ಅಂತ ನೀ ಮೊದಲ ದಿನದಿಂದ ಹೇಳ್ತಾನೇ ಇದ್ದೆ. ಗಂಡ ಸಾಯ್ಲಿ ಅಂತ ಹೇಳೂ ಹೆಂಡ್ತಿ ಅಂತ ನಿನ್ನ ಎಷ್ಟು ಬಯ್ದೆ ನಾ. ಎರಡು ವರ್ಷ ಬಯ್ದೆ."

ಸೊಸೆ ಎದ್ದು ಟಿ.ವಿ. ಬಂದ್ ಮಾಡಿ, ಮತ್ತೆ ಬಂದು ಅತ್ತೆಯ ಪಕ್ಕದಲ್ಲೇ ಕೂತಳು. ನಾನೂ ಅಲ್ಲೇ ಕೂತಿದ್ದೆ.